ಸೆನ್ಯೊ ಹಾಕಿದ ಬೆಸುಗೆ

ಬಸಿಲಿಸಾ ದುಮ್ಲಾವ್ ಎಂದು ಕೇಳಿದರೆ ನಮ್ಮ ಒಲಂಗಪೊ ಊರಿನಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇಸಾಂಗ್ ಎಂದರೆ ಸಾಕು, ಗಿಟಾರು ಹಿಡಿದವರೆಲ್ಲ ಮಾರುಕಟ್ಟೆಯ ಹಿಂದಿನ ಓಣಿಯತ್ತ ಕೈ ತೋರಿಸುತ್ತಿದ್ದರು. ಅಲ್ಲಿ ಹಸಿರು ಬಣ್ಣದ ಮರದ ಬಾಗಿಲು, ಅದರೊಳಗೆ ಒಂದು ಉದ್ದನೆಯ ಮೇಜು, ಮೇಜಿನ ಹಿಂದೆ ಗಂಡಸರ ಅಂಗಿ ತೊಟ್ಟು ಕೂತ ಇಸಾಂಗ್. ಅವಳ ಅಪ್ಪ ರೇಡಿಯೊ ರಿಪೇರಿ ಮಾಡುತ್ತಿದ್ದವನು. ಗಂಡು ಮಕ್ಕಳು ಇರಲಿಲ್ಲವೆಂದೋ ಏನೋ, ಅವಳಿಗೆ ಹತ್ತು ವರ್ಷವಾದಾಗಲೇ ತಂತಿ ಕೂಡಿಸುವ ಬೆಸುಗೆ ಕಡ್ಡಿ ಕೈಗೆ ಕೊಟ್ಟಿದ್ದ. ಜೊತೆಗೆ ಒಂದು ಕಟ್ಟಳೆಯನ್ನೂ ಕೊಟ್ಟಿದ್ದ: ತೆರೆದ ರೇಡಿಯೊ ಪೆಟ್ಟಿಗೆಯೊಳಗೆ ಬಲಗೈ ಹಾಕುವಾಗ ಎಡಗೈ ಜೇಬಿನಲ್ಲಿರಬೇಕು. ಎರಡೂ ಕೈ ಹಾಕಿದರೆ ಕರೆಂಟು ಒಂದು ಕೈಯಿಂದ ಹೊಕ್ಕು ಎದೆಯ ಮೂಲಕ ಇನ್ನೊಂದರಲ್ಲಿ ಹೊರಬರುತ್ತದೆ. ಇಸಾಂಗ್ ಅಂಗಿಗಳಿಗೆ ಎಡಗಡೆ ದೊಡ್ಡ ಜೇಬು ತಾನೇ ಹೊಲಿದುಕೊಳ್ಳುತ್ತಿದ್ದಳು.

ಅಮೆರಿಕದ ಯುದ್ಧಹಡಗುಗಳು ಇಲ್ಲಿ ತಂಗುತ್ತಿದ್ದ ಕಾಲದಲ್ಲಿ ಅವಳಿಗೆ ಉಸಿರಾಡಲು ಬಿಡುವಿರಲಿಲ್ಲ. ಒಂದೊಂದು ಮದ್ಯದ ಬಾರಿಗೂ ಒಂದು ಬ್ಯಾಂಡು, ಬ್ಯಾಂಡಿಗೆ ನಾಲ್ಕು ಆಂಪ್ಲಿಫಯರು, ಪ್ರತಿಯೊಂದರ ಮೇಲೂ ವಾರಕ್ಕೊಮ್ಮೆ ಯಾರೋ ನಾವಿಕ ಬಿಯರು ಚೆಲ್ಲುತ್ತಿದ್ದ. ಆಮೇಲೆ ಪಿನಾತುಬೊ ಅಗ್ನಿಪರ್ವತ ಸಿಡಿದು ಊರೆಲ್ಲ ಬೂದಿಯಾಯಿತು. ಮರುವರ್ಷ ಹಡಗುಗಳೂ ಹೋದವು. ಬಾರುಗಳು ಒಂದೊಂದೇ ಮುಚ್ಚಿದವು. ನಮ್ಮ ಬ್ಯಾಂಡಿನಂಥ ಕೆಲವು ಮಾತ್ರ ಮದುವೆ, ನಾಮಕರಣ, ಹಬ್ಬಗಳಿಗೆ ಬಾರಿಸುತ್ತ ಉಳಿದುಕೊಂಡವು. ನಾವು ನಾಲ್ಕು ಜನ. ಗಿಟಾರಿಗೆ ಬೆರ್ತಿಂಗ್, ಅವನೇ ನಮ್ಮ ಮುಖ್ಯಸ್ಥ. ಡ್ರಮ್ಮಿಗೆ ಅವನ ಭಾವಮೈದುನ. ಹಾಡಲು ನಾನು, ಫೆಲಿ. ಬೇಸ್ ಗಿಟಾರಿಗೆ ಇಸಾಂಗಳ ಗಂಡ ಸೆನ್ಯೊ.

ಸೆನ್ಯೊಗೆ ಬೆರಳ ತುದಿ ಮೃದು. ಎರಡು ಗಂಟೆ ಬಾರಿಸಿದರೆ ಬೊಬ್ಬೆ ಏಳುತ್ತಿತ್ತು. ಹಾಗಾಗಿ ಔಷಧಿ ಅಂಗಡಿಯ ಬಿಳಿ ಅಂಟುಪಟ್ಟಿ ಸುತ್ತಿಕೊಂಡೇ ಬಾರಿಸುತ್ತಿದ್ದ. ಎಲ್ಲದಕ್ಕೂ ಅವನಿಗೆ ಆ ಪಟ್ಟಿಯೇ ಬೇಕು. ಚಪ್ಪಲಿ ಹರಿದರೂ ಅದೇ, ಕನ್ನಡಕದ ಕಡ್ಡಿ ಮುರಿದರೂ ಅದೇ. ಮದುವೆಯಾದ ಹೊಸತರಲ್ಲಿ ಹೆಂಡತಿಗೆ ನೆರವಾಗಲು ಹೋಗಿ ಯಾರದೋ ರೇಡಿಯೊದ ಡಬ್ಬಿಯನ್ನು ಮೇಣದಂತೆ ಕರಗಿಸಿದ್ದ. ಅಂದಿನಿಂದ ಬೆಸುಗೆ ಕಡ್ಡಿ ಮುಟ್ಟಕೂಡದೆಂದು ಇಸಾಂಗ್ ಆಜ್ಞೆ ಮಾಡಿದ್ದಳು. ಅದನ್ನು ಅವನೇ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದ. ಅವರಿಗೆ ಮಕ್ಕಳಿರಲಿಲ್ಲ. ಇಪ್ಪತ್ತೆರಡು ವರ್ಷ ಜಗಳವಾಡುತ್ತ, ನಗುತ್ತ ಕಳೆದಿದ್ದರು.

ಆ ವರ್ಷ, ತೊಂಬತ್ತನಾಲ್ಕರಲ್ಲಿ, ಸೆನ್ಯೊ ಅವಳನ್ನು ಕೇಳದೆ ಒಂದು ಪ್ರವಾಸಿ ಹಡಗಿನಲ್ಲಿ ಹತ್ತು ತಿಂಗಳು ಬಾರಿಸಲು ಒಪ್ಪಿ ಸಹಿ ಹಾಕಿಬಿಟ್ಟ. ಅವಳಿಗೆ ಗೊತ್ತಾದದ್ದು ಮೀನು ಮಾರುವವಳ ಬಾಯಿಂದ.

"ಹೋಗೋನು ಹೋಗು," ಎಂದಳಂತೆ. "ಆದ್ರೆ ನಿನ್ನ ಆಂಪ್ಲಿಫಯರ್ ಪೆಟ್ಟಿಗೆ ಕೆಟ್ರೆ ಇನ್ನು ನನ್ನ ಹತ್ರ ತರಬೇಡ. ಹಡಗಿನ ಕ್ಯಾಪ್ಟನ್ ಹತ್ರ ರಿಪೇರಿ ಮಾಡಿಸ್ಕೊ."

ಅದೇ ಕೊನೆಯ ಮಾತು. ಆಮೇಲೆ ಹತ್ತೊಂಬತ್ತು ದಿನ ಅವಳು ಬಾಯಿ ಬಿಡಲಿಲ್ಲ. ಅನ್ನ ಬಡಿಸುತ್ತಿದ್ದಳು, ಅಂಗಿ ಒಗೆಯುತ್ತಿದ್ದಳು, ಮಾತು ಮಾತ್ರ ಇಲ್ಲ. ಇಪ್ಪತ್ತನೆಯ ದಿನ ಬೆಳಿಗ್ಗೆ ಸೆನ್ಯೊ ಹಡಗಿನ ಕಾಗದಕ್ಕೆ ಫೋಟೊ ತೆಗೆಸಬೇಕೆಂದು ತಾಸ್ಯೊ ಎಂಬ ಮುದುಕನ ಕ್ಷೌರದಂಗಡಿಗೆ ಹೋದ. ಎಡಭಾಗದ ಕೂದಲು ಕತ್ತರಿಸಿ ಮುಗಿದಿತ್ತು. ತಾಸ್ಯೊ ಬಲಗಡೆಗೆ ಬಂದು ತಲೆ ಎತ್ತು ಎಂದ. ಸೆನ್ಯೊ ಎತ್ತಲಿಲ್ಲ. ತಲೆಯೊಳಗಿನ ರಕ್ತನಾಳ ಒಡೆದಿತ್ತು ಎಂದು ಆಮೇಲೆ ಡಾಕ್ಟರು ಹೇಳಿದರು. ಅವನಿಗೆ ನಲವತ್ತೇಳು.

ಹೆಣ ಮನೆಯಲ್ಲಿ ಇಟ್ಟ ಮೊದಲ ದಿನ ಬಂದವರೆಲ್ಲ ಶವಪೆಟ್ಟಿಗೆಯ ಗಾಜಿನೊಳಗೆ ನೋಡಿ ಕಣ್ಣು ತಪ್ಪಿಸುತ್ತಿದ್ದರು. ಒಂದು ಕಡೆ ಕೂದಲು ಒಪ್ಪವಾಗಿತ್ತು, ಇನ್ನೊಂದು ಕಡೆ ಕಿವಿ ಮುಚ್ಚುವಷ್ಟಿತ್ತು. ಸಂಜೆ ತಾಸ್ಯೊ ಕತ್ತರಿ, ಬಾಚಣಿಗೆ ಹಿಡಿದು ಬಂದು ಬಾಗಿಲಲ್ಲಿ ನಿಂತ.

"ಇಸಾಂಗ್, ನೀನು ಬೇಡ ಅನ್ನದಿದ್ರೆ ಉಳಿದದ್ದನ್ನ ಮುಗಿಸಿಬಿಡ್ತೀನಮ್ಮ. ನಂಗೆ ಊಟ ಸೇರ್ತಿಲ್ಲ."

ಇಸಾಂಗ್ ಎದ್ದು ಗಾಜು ಸರಿಸಿದಳು. ಕೆಲಸದ ಮೇಜಿನ ದೀಪ ತಂದು ಹಿಡಿದಳು. ಮುದುಕ ಅಳುತ್ತ ಕತ್ತರಿಸಿದ. ಕತ್ತರಿಸಿ ಆದಮೇಲೆ ಅವಳು ಧೂಳು ಒರೆಸುವ ಸಣ್ಣ ಬ್ರಶ್ಶಿನಿಂದ ಕಾಲರಿನ ಮೇಲಿನ ಕೂದಲು ಕೊಡವಿ, ಗಾಜು ಮುಚ್ಚಿ, ಬಂದವರಿಗೆ ಕಾಫಿ ಇದೆಯೋ ಇಲ್ಲವೋ ನೋಡಲು ಒಳಗೆ ಹೋದಳು. ಅಳಲಿಲ್ಲ. ಮಣ್ಣಿಗಿಡುವಾಗಲೂ ಅಳಲಿಲ್ಲ. ಒಂಬತ್ತು ದಿನದ ಪ್ರಾರ್ಥನೆಯಲ್ಲೂ ಇಲ್ಲ, ನಲವತ್ತನೆಯ ದಿನವೂ ಇಲ್ಲ. ಓಣಿಯ ಹೆಂಗಸರು ಮೊದಲು ಗಟ್ಟಿಗಿತ್ತಿ ಎಂದರು, ಆಮೇಲೆ ಕಲ್ಲು ಎಂದರು. ನಾನು ಅವಳಿಗೆ ಹತ್ತಿರದವಳು. ಕಲ್ಲಲ್ಲ ಅಂತ ಗೊತ್ತಿತ್ತು. ಆದರೆ ಏನು ಅಂತ ಹೇಳಲು ನನಗೂ ಬರುತ್ತಿರಲಿಲ್ಲ. ಅನ್ನದ ಗಂಜಿ ಒಯ್ದುಕೊಟ್ಟರೆ ತಿನ್ನುತ್ತಿದ್ದಳು. ಉಪ್ಪು ಹಾಕಲು ಮರೆತಿದ್ದೆ ಎಂದು ನನಗೆ ಮನೆಗೆ ಬಂದು ತಿಂದಾಗಲೇ ತಿಳಿದದ್ದು. ಅವಳು ಏನೂ ಅಂದಿರಲಿಲ್ಲ.

ಸೆನ್ಯೊನ ಜಾಗಕ್ಕೆ ಬೆರ್ತಿಂಗ್ ಕಿರಿನೊ ಎಂಬ ಹಳೆಯ ಬೇಸ್ ವಾದಕನನ್ನು ಕರೆತಂದ. ಹಾಂಗ್‌ಕಾಂಗಿನ ಹೋಟೆಲುಗಳಲ್ಲಿ ಮೂವತ್ತು ವರ್ಷ ಬಾರಿಸಿ ಬಂದ ದಪ್ಪ ಮನುಷ್ಯ. ಸೆನ್ಯೊನ ಆಂಪ್ಲಿಫಯರೇ ಅವನಿಗೂ ಆಯಿತು. ಇಸಾಂಗ್ ಒಯ್ಯಿರಿ ಎಂದಿದ್ದಳು. ಅದು ಯಾವನೋ ನಾವಿಕ ಬಿಟ್ಟುಹೋದ ಗಾಜಿನ ವಾಲ್ವುಗಳ ಹಳೆಯ ಕಾಲದ ಪೆಟ್ಟಿಗೆ, ಇಬ್ಬರು ಹೊರಬೇಕು. ಎರಡು ಕಾರ್ಯಕ್ರಮ ಚೆನ್ನಾಗಿ ನಡೆಯಿತು. ಮೂರನೆಯದರಲ್ಲಿ, ಒಂದು ನಾಮಕರಣದ ಊಟದ ನಡುವೆ, ನಾಲ್ಕನೆಯ ಹಾಡಿಗೆ ಬೇಸಿನ ದನಿ ಗೊರಗೊರ ಎಂದು ಸಣ್ಣಗಾಗಿ ನಿಂತೇಹೋಯಿತು. ಹತ್ತು ನಿಮಿಷ ಆರಿಸಿಟ್ಟರೆ ಮತ್ತೆ ಬರುತ್ತಿತ್ತು, ಮತ್ತೆ ಹೋಗುತ್ತಿತ್ತು.

ಮರುದಿನ ಬೆರ್ತಿಂಗ್, ಕಿರಿನೊ ಪೆಟ್ಟಿಗೆ ಹೊತ್ತು ಹಸಿರು ಬಾಗಿಲಿಗೆ ಬಂದರು. ನಾನೂ ಜೊತೆಗಿದ್ದೆ. ಶನಿವಾರ ಕಾಸ್ತಿಯೆಹೊಸ್ ಊರಿನಲ್ಲಿ ಒಂದು ಮದುವೆಗೆ ಬಾರಿಸುವುದಿತ್ತು.

"ಇಸಾಂಗಕ್ಕ, ಕೇಳೋಕೆ ನಾಚಿಕೆ ಆಗುತ್ತೆ," ಎಂದ ಬೆರ್ತಿಂಗ್, ಟೋಪಿ ತೆಗೆದು.

"ನಾಚಿಕೆ ಯಾಕೆ? ಮೇಜಿನ ಮೇಲಿಡಿ. ಏನಾಗುತ್ತೆ?"

"ಸಾಯುತ್ತೆ," ಎಂದುಬಿಟ್ಟ ಕಿರಿನೊ. ಬೆರ್ತಿಂಗ್ ಅವನ ಕಾಲು ತುಳಿದ.

ಇಸಾಂಗ್ ಗಮನಿಸಲಿಲ್ಲ. "ಎಷ್ಟು ಹೊತ್ತಿಗೆ? ಒಮ್ಮೆಗೇ ಹೋಗುತ್ತಾ, ಸಣ್ಣಗಾಗಿ ಹೋಗುತ್ತಾ? ಹೋದಾಗ ಹಿಸ್ಸ್ ಅನ್ನೋ ಸದ್ದು ಇರುತ್ತಾ ಇಲ್ವಾ?"

"ಇಪ್ಪತ್ತು ನಿಮಿಷಕ್ಕೆ. ಮೊದಲು ಎಮ್ಮೆ ಗಂಟಲು ಕೆಟ್ಟ ಹಾಗೆ, ಆಮೇಲೆ ಏನೂ ಇಲ್ಲ. ಸಣ್ಣಗೆ ಹಿಸ್ಸ್ ಇರುತ್ತೆ."

"ಹಾಗಾದ್ರೆ ಹಿಂದಿನ ಭಾಗಕ್ಕೆ ಜೀವ ಇದೆ. ಮುಂದಿನದು ಎಲ್ಲೋ ಕೈ ಕೊಡ್ತಿದೆ," ಎಂದಳು.

ಆದರೂ ಅಪ್ಪನ ಕ್ರಮ ಬಿಡುವವಳಲ್ಲ. ಮೊದಲು ತಂತಿ ಬದಲಿಸಿದಳು. ಆಮೇಲೆ ಗಿಟಾರು, ಆಮೇಲೆ ಬೇರೆ ಸ್ಪೀಕರು. ಯಾವುದರಲ್ಲೂ ದೋಷವಿರಲಿಲ್ಲ. ತಿರುಪು ಬಿಚ್ಚಿ ಒಳಗಿನ ತಗಡನ್ನು ಎಳೆದಾಗ ಬೂದಿ ಸುರಿಯಿತು. ಮೂರು ವರ್ಷವಾದರೂ ಆ ಬೆಟ್ಟದ ಬೂದಿ ನಮ್ಮ ಊರಿನ ಯಾವ ಪೆಟ್ಟಿಗೆಯನ್ನೂ ಬಿಟ್ಟಿರಲಿಲ್ಲ. ಬ್ರಶ್ಶಿನಿಂದ ಗುಡಿಸಿದಳು. ಎರಡು ವಾಲ್ವುಗಳನ್ನು ಕಿತ್ತು ಅದಲು ಬದಲು ಮಾಡಿದಳು. ಗಿಟಾರಿನ ಬದಲು ರೇಡಿಯೊದ ದನಿಯನ್ನು ಒಳಗೆ ಬಿಟ್ಟು ಕೂತೆವು. ಅರ್ಧ ಗಂಟೆಯಾಯಿತು. ಸುದ್ದಿ ಬಂತು, ಲಾಟರಿ ಸಂಖ್ಯೆ ಬಂತು, ಹವಾಮಾನ ಬಂತು. ಪೆಟ್ಟಿಗೆ ಗಟ್ಟಿಯಾಗಿ ಮಾತಾಡುತ್ತಲೇ ಇತ್ತು.

"ಡಾಕ್ಟರ ಮುಂದೆ ಜ್ವರ ಇಳಿದ ಹಾಗಾಯ್ತು," ಎಂದ ಬೆರ್ತಿಂಗ್.

"ಬಿಚ್ಚಿಟ್ರೆ ಗಾಳಿ ಆಡುತ್ತೆ, ಬಿಸಿ ಆಗಲ್ಲ. ಇದಕ್ಕೆ ಬಿಸಿ ಆದ್ರೇನೇ ಕಾಯಿಲೆ," ಎಂದಳು ಅವಳು. ಫ್ಯಾನು ಆರಿಸಿದಳು. ಒಳಗಿಂದ ಕೂದಲು ಒಣಗಿಸುವ ಯಂತ್ರ ತಂದು ಬಿಸಿಗಾಳಿ ಬಿಟ್ಟಳು. ಆ ಕೋಣೆಯಲ್ಲಿ ನಾವು ಬೆವರಿ ಅಂಗಿ ಹಿಂಡುವಂತಾಯಿತು. ಅವಳ ಹಣೆಯಿಂದಲೂ ನೀರಿಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಆರು ನಿಮಿಷಕ್ಕೆ ರೇಡಿಯೊದವನ ದನಿ ಗೊರಗುಟ್ಟಿ ನಿಂತಿತು. ಅವಳು ಎಡಗೈ ಜೇಬಿಗಿಟ್ಟು, ಬಲಗೈಯಲ್ಲಿ ಮೀಟರಿನ ಕಡ್ಡಿ ಹಿಡಿದು ಒಂದೊಂದೇ ವಾಲ್ವಿನ ಕಾಲು ಮುಟ್ಟಿಸುತ್ತ ಹೋದಳು. ಮೊದಲನೆಯದರಲ್ಲಿ ಮುಳ್ಳು ಎದ್ದಿತು. ಎರಡನೆಯದರಲ್ಲಿ ಮಲಗಿಯೇ ಇತ್ತು.

"ಎರಡನೇದಕ್ಕೆ ಕರೆಂಟು ತಲುಪ್ತಿಲ್ಲ," ಎಂದಳು. "ದಾರೀಲಿ ಎಲ್ಲೋ ಬಿಟ್ಟಿದೆ."

ಪ್ಲಗ್ಗು ಕಿತ್ತಳು. ಕಿತ್ತ ಮಾತ್ರಕ್ಕೆ ಆ ಪೆಟ್ಟಿಗೆಗಳು ಸುಮ್ಮನಾಗುವುದಿಲ್ಲ. ಒಳಗಿನ ಕೆಪಾಸಿಟರುಗಳಲ್ಲಿ ವಿಷ ಉಳಿದ ಹಾಗೆ ಕರೆಂಟು ಉಳಿದಿರುತ್ತದೆ. ಅದನ್ನು ಮೊದಲು ಇಳಿಸಬೇಕು. ಅದಕ್ಕೆಂದೇ ಮೇಜಿನ ಮೊಳೆಗೆ ಒಂದು ತಂತಿ ನೇತುಹಾಕಿದ್ದಳು. ಇಷ್ಟು ವರ್ಷ ಅವಳು ಅದನ್ನು ಮರೆತದ್ದನ್ನು ನಾನು ಕಂಡಿಲ್ಲ. ಅವತ್ತು ಮರೆತಳು. ತಂತಿಯೊಂದನ್ನು ಸರಿಸಲು ಬೆರಳಿಟ್ಟದ್ದೇ ಟಪ್ ಎಂದು ಸದ್ದಾಗಿ ಅವಳ ಕೈ ಹಿಂದಕ್ಕೆ ಚಿಮ್ಮಿ ಗೋಡೆಗೆ ಬಡಿಯಿತು. ನಾನು ಕಿರುಚಿದೆ. ಬೆರ್ತಿಂಗ್ ಅವಳ ಭುಜ ಹಿಡಿದ.

ಅವಳು ಬೆರಳು ನೋಡಿಕೊಂಡಳು. ತುದಿಯಲ್ಲಿ ಅಕ್ಕಿಕಾಳಿನಷ್ಟು ಬಿಳಿ ಚುಕ್ಕೆ ಎದ್ದಿತ್ತು.

"ನೋವಾಯ್ತಾ ಇಸಾಂಗ್? ನೋವಾಯ್ತೇನೇ?" ಎಂದೆ ನಾನು.

"ಆಗಿರಬೇಕು," ಎಂದಳು, ಬೇರೆ ಯಾರದೋ ಬೆರಳಿನ ವಿಷಯ ಹೇಳುವ ಹಾಗೆ. ಎಡಗೈ ಆಗಲೂ ಜೇಬಿನಲ್ಲೇ ಇತ್ತು. ನಾನು ಅವಳು ಸತ್ತೇಹೋದಳೆಂದು ಹೆದರಿದ್ದೆ. ಈ ಮಾತು ಕೇಳಿದ ಮೇಲೆ ಬೇರೆ ತರಹದ ಹೆದರಿಕೆ ಹಿಡಿಯಿತು. ಸಾಕು, ನಾಳೆ ನೋಡೋಣ ಎಂದೆ. ಅವಳು ಮೊಳೆಯ ತಂತಿ ತೆಗೆದು ಕರೆಂಟು ಇಳಿಸಿ, ಮತ್ತೆ ಬಗ್ಗಿದಳು.

ಚೀನೀಯರು ಊಟಕ್ಕೆ ಬಳಸುವಂಥ ಮರದ ಕಡ್ಡಿಯೊಂದರಿಂದ ಒಂದೊಂದೇ ಬೆಸುಗೆಯ ಕೀಲನ್ನು ಮೆಲ್ಲಗೆ ಒತ್ತುತ್ತ ಹೋದಳು. ಎರಡನೆಯ ವಾಲ್ವಿಗೆ ಹೋಗುವ ದಾರಿಯ ಕೊನೆಯಲ್ಲಿ, ಉಳಿದ ತಂತಿಗಳ ಅಡಿಯಲ್ಲಿ, ಕಡ್ಡಿ ನಿಂತಿತು. ದೀಪ ಹತ್ತಿರ ತಂದಳು. ನಾನೂ ಇಣುಕಿದೆ. ಅವಳು ಹಾಕಿದ ಬೆಸುಗೆಗಳು ಸಣ್ಣಗೆ, ಹೊಳೆಯುತ್ತ, ಒಂದರಂತೆ ಇನ್ನೊಂದು. ಇದೊಂದು ಮಾತ್ರ ಜಗಿದು ಅಂಟಿಸಿದ ಚೂಯಿಂಗ್ ಗಮ್ಮಿನ ಹಾಗೆ ಬೂದುಬಣ್ಣದ ಉಂಡೆ. ಒತ್ತಿದರೆ ಸಡಿಲ ಹಲ್ಲಿನಂತೆ ಅಲ್ಲಾಡುತ್ತಿತ್ತು. ಅದರಿಂದ ಹೊರಟ ತಂತಿಯ ಸಿಪ್ಪೆ ಸುಟ್ಟುಹೋಗಿದ್ದ ಕಡೆ ಬಿಳಿಯ ಅಂಟುಪಟ್ಟಿ ಸುತ್ತಿತ್ತು.

ಯಾರು ಮಾಡಿದ್ದೆಂದು ಯಾರೂ ಹೇಳಬೇಕಾಗಿರಲಿಲ್ಲ. ಏನೂ ಗೊತ್ತಿರದ ಕಿರಿನೊ ಮಾತ್ರ, "ಇದ್ಯಾವ ಕಟುಕ ಮಾಡಿದ್ದು?" ಎಂದ.

ಇಸಾಂಗ್ ಕುರ್ಚಿಯ ಬೆನ್ನಿಗೆ ಒರಗಿದಳು. ಆಮೇಲೆ ಬೆರ್ತಿಂಗನ ಕಡೆ ತಿರುಗಿದಳು.

"ಯಾವಾಗ ಮಾಡಿದ?"

ಬೆರ್ತಿಂಗ್ ಟೋಪಿ ತಿರುಗಿಸುತ್ತ ನಿಂತ. "ನೀವಿಬ್ರೂ ಮಾತು ಬಿಟ್ಟಿದ್ರಲ್ಲ ಅಕ್ಕ, ಆಗ. ಸಾನ್ ಮಾರ್ಸೆಲಿನೊ ಊರ ಹಬ್ಬದಲ್ಲಿ ಇದು ಕರಕರ ಅಂತಿತ್ತು. ಇಸಾಂಗ್ ಹತ್ರ ಕೊಡೋ ಅಂದೆ. ಅವಳು ಮುಟ್ಟಲ್ಲ ಅಂದಿದಾಳೆ, ನಾನೇ ಮಾಡ್ತೀನಿ ಅಂದ. ಮಾರನೇ ದಿನ ನಮ್ಮನೇಲಿ ಕೂತು ಮಾಡಿದ."

"ನೀನು ಸುಮ್ಮನೆ ನೋಡ್ತಾ ನಿಂತಿದ್ದೆ."

"ನಂಗೇನು ಗೊತ್ತಾಗುತ್ತೆ? ಅವನು ನಗ್ತಿದ್ದ ಅಕ್ಕ. ಒಂದಲ್ಲ ಒಂದು ದಿನ ಅವಳು ಇದನ್ನ ಬಿಚ್ಚೇ ಬಿಚ್ತಾಳೆ, ಈ ಬೆಸುಗೆ ನೋಡಿದ್ರೆ ತಡ್ಕೊಳೋಕಾಗಲ್ಲ, ಬಾಯಿ ಬಿಟ್ಟು ಬೈದೇ ಬೈತಾಳೆ, ಅಲ್ಲಿಗೆ ಮೌನವ್ರತ ಮುಗೀತು ಅಂದ."

"ಹಾಗಂದನಾ?"

"ಸಂತ ಅಂತೋನಿಯ ಆಣೆ."

"ನೀನು ಆಣೆ ಹಾಕೋದು ಸುಳ್ಳು ಹೇಳೋವಾಗ, ಬೆರ್ತಿಂಗ್."

ಬೆರ್ತಿಂಗ್ ತಲೆ ತಗ್ಗಿಸಿದ. ಅವನು ಹೇಳಿದ್ದು ನಿಜವೋ, ಅಲ್ಲೇ ಹೊಳೆದ ಸಮಾಧಾನದ ಮಾತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆ ದಿನ ನಾನು ಅವರ ಮನೆಯಲ್ಲಿರಲಿಲ್ಲ. ಇಸಾಂಗಳೂ ಮತ್ತೆ ಕೇಳಲಿಲ್ಲ. ನಾಳೆ ಬನ್ನಿ ಎಂದಳು. ದೀಪ ಆರಿಸಿದಳು.

ಬೆಳಿಗ್ಗೆ ಅವಳಿಗೆ ಬಿಸಿ ಬ್ರೆಡ್ಡು ಕೊಡಲೆಂದು ಹೋದೆ. ಓಣಿಯಿಂದಲೇ ಅವಳ ದನಿ ಕೇಳಿಸಿತು. ಯಾರೋ ಬಂದಿದ್ದಾರೆಂದುಕೊಂಡು ಬಾಗಿಲು ತಳ್ಳಿದೆ. ಅವಳೊಬ್ಬಳೇ ಇದ್ದಳು. ಎಡಗೈ ಜೇಬಿನಲ್ಲಿ, ಬಲಗೈಯಲ್ಲಿ ಹೊಗೆಯಾಡುವ ಬೆಸುಗೆ ಕಡ್ಡಿ. ಬೂದುಬಣ್ಣದ ಉಂಡೆಯನ್ನು ಕರಗಿಸಿ ಎಳೆದು ತೆಗೆಯುತ್ತ, ತವರಿನ ಇಲೊಕಾನೊ ಮಾತಿನಲ್ಲಿ ಬೈಯುತ್ತಿದ್ದಳು.

"ಇದೇನು ಬೆಸುಗೆನಾ, ಕೋಳಿ ಹಿಕ್ಕೆನಾ? ಮೊದಲು ಕೀಲನ್ನ ಬಿಸಿ ಮಾಡ್ಬೇಕು, ಆಮೇಲೆ ಸೀಸ ತಾಗಿಸ್ಬೇಕು ಅಂತ ಎಷ್ಟು ಸಲ ಹೇಳಿದ್ದೆ. ಕಿವಿ ಎಲ್ಲಿಟ್ಟಿದ್ದೆ? ಇದಕ್ಕೆ ಪ್ಲಾಸ್ಟರು ಸುತ್ತಿದೀಯಲ್ಲ, ಇದಕ್ಕೇನು ಗಾಯ ಆಗಿತ್ತಾ? ನಾಲ್ಕುನೂರು ವೋಲ್ಟ್ ಇರುತ್ತೆ ಇದರಲ್ಲಿ. ಇಳಿಸಿ ಮುಟ್ಟಿದ್ಯೋ ಹಾಗೇ ಮುಟ್ಟಿದ್ಯೋ? ಸತ್ತಿದ್ರೆ ಏನು ಗತಿ?"

ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಸಂತೆಯಿಂದ ತರಬೇಕಾದ ಸಾಮಾನಿನ ಹೆಸರು ಹೇಳುವ ಹಾಗೆ, ಒಂದೇ ಸಮನೆ. ಕಾಲು ಗಂಟೆಯಾದರೂ ಬೈದಿರಬೇಕು. ಹಡಗಿನ ವಿಷಯ ಬಂತು, ಮೀನು ಮಾರುವವಳ ವಿಷಯ ಬಂತು, ಅವನ ಅಕ್ಕನ ಮದುವೆಯಲ್ಲಿ ಅವನು ಕುಡಿದು ಬಿದ್ದ ವಿಷಯವೂ ಬಂತು. ನಾನು ಬಾಗಿಲ ಬಳಿ ಬ್ರೆಡ್ಡು ಹಿಡಿದು ನಿಂತೇ ಇದ್ದೆ. ಅಂಟುಪಟ್ಟಿಯನ್ನು ಚಿಮಟದಿಂದ ಬಿಡಿಸಿ ಕಸದ ಡಬ್ಬಿಗೆ ಹಾಕಿದಳು. ಹೊಸ ತಂತಿ ಹಾಕಿ, ಕೀಲು ಉಜ್ಜಿ, ಹೊಸ ಬೆಸುಗೆ ಇಟ್ಟಳು. ಆರಲಿ ಎಂದು ಊದಲಿಲ್ಲ, ಊದಿದರೆ ಬೆಸುಗೆ ಕೆಡುತ್ತದಂತೆ. ಸುಮ್ಮನೆ ನೋಡುತ್ತ ಕೂತಳು. ಆಮೇಲೆ ನನ್ನ ಕಡೆ ತಿರುಗದೆ, "ಬ್ರೆಡ್ಡು ಆರ್ತಿದೆ, ಇಲ್ಲಿಡು ಫೆಲಿ," ಎಂದಳು.

ಅವತ್ತು ಮಧ್ಯಾಹ್ನದವರೆಗೆ ಪೆಟ್ಟಿಗೆಗೆ ಕಂಬಳಿ ಹೊದಿಸಿ ರೇಡಿಯೊ ಹಾಡಿಸಿದಳು. ಕೈ ಇಟ್ಟರೆ ಸುಡುವಷ್ಟು ಬಿಸಿಯಾಯಿತು. ದನಿ ಒಮ್ಮೆಯೂ ತಡವರಿಸಲಿಲ್ಲ. ಕಿರಿನೊ ಬಂದು ಒಂದು ಗಂಟೆ ಬಾರಿಸಿದ. ದಪ್ಪ ತಂತಿ ಮೀಟಿದಾಗಲೆಲ್ಲ ಮೇಜಿನ ಮೇಲಿನ ತಿರುಪುಗಳು ತಟ್ಟೆಯಲ್ಲಿ ನಡುಗುತ್ತಿದ್ದವು.

"ಅವನಿಗಿಂತ ನೀನು ಚೆನ್ನಾಗಿ ಬಾರಿಸ್ತೀಯ," ಎಂದಳು ಇಸಾಂಗ್.

ಕಿರಿನೊಗೆ ಹೌದೆನ್ನಬೇಕೋ ಅಲ್ಲವೆನ್ನಬೇಕೋ ತಿಳಿಯಲಿಲ್ಲ. "ಆದ್ರೂ ಜನಕ್ಕೆ ಅವನೇ ಇಷ್ಟ ಆಗ್ತಿದ್ದ ಅಂತಾರೆ," ಎಂದ.

"ನಗ್ತಿದ್ದ, ಅದಕ್ಕೆ."

ಶನಿವಾರ ಕಾಸ್ತಿಯೆಹೊಸ್‌ನ ಮದುವೆಗೆ ಅವಳೂ ಬಂದಳು. ನಾವು ಕರೆದಿರಲಿಲ್ಲ. ಕರೆಯಲು ಧೈರ್ಯವಿರಲಿಲ್ಲ. ಪೆಟ್ಟಿಗೆ ಹೊತ್ತ ಜೀಪು ಹೊರಡುವಾಗ ಪೋಸ್ಟಾಫೀಸಿನ ಮುಂದೆ ಕೈ ಅಡ್ಡ ಹಿಡಿದು ನಿಲ್ಲಿಸಿ ಹತ್ತಿದಳು. ಹಡಗಿನವರಿಗೆ ಕಾಗದ ಹಾಕಿ ಬಂದೆ ಎಂದಳು. ಏನು ಬರೆದೆ ಎಂದು ಕೇಳಿದೆ.

"ಅವನು ಬರೋದಿಲ್ಲ ಅಂತ ಬರೆದೆ. ಅಷ್ಟೇ. ಯಾಕೆ ಅಂತ ಅವರಿಗ್ಯಾಕೆ?"

ಮಾವಿನ ಮರದಡಿ ಚಪ್ಪರ. ಮಧ್ಯಾಹ್ನದ ಸುಡುಬಿಸಿಲು. ಇಸಾಂಗ್ ವೇದಿಕೆಯ ಹಿಂದೆ ಮರದ ಮಣೆಯ ಮೇಲೆ ಕೂತು, ಆಂಪ್ಲಿಫಯರಿನ ತಲೆಯ ಮೇಲೆ ಅಂಗೈ ಇಟ್ಟುಕೊಂಡಿದ್ದಳು. ಬಿಸಿ ಎಷ್ಟಿದೆ ಎಂದು ನೋಡುತ್ತಿದ್ದಳು. ಇಪ್ಪತ್ತು ನಿಮಿಷ ದಾಟಿತು. ನಾಲ್ಕನೆಯ ಹಾಡು ದಾಟಿತು. ನಾನು ಹಾಡುತ್ತಲೇ ಹಿಂದಕ್ಕೆ ತಿರುಗಿ ನೋಡುತ್ತಿದ್ದೆ. ಮದುವಣಗಿತ್ತಿಯ ಅಪ್ಪನಿಗೆ ಸೆನ್ಯೊನ ಪರಿಚಯವಿತ್ತು. ಅವನು ಮೈಕು ಕಸಿದುಕೊಂಡು, ನಮ್ಮನ್ನಗಲಿದ ಸೆನ್ಯೊಗಾಗಿ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನವಾಗಿರಬೇಕು, ಅವನ ಹೆಂಡತಿಯೂ ಇಲ್ಲೇ ಇದ್ದಾಳೆ ಎಂದುಬಿಟ್ಟ. ಇನ್ನೂರು ಜನ ತಟ್ಟೆ ಕೆಳಗಿಟ್ಟು ಎದ್ದು, ಕತ್ತು ನಿಲುಕಿಸಿ ಅವಳನ್ನು ಹುಡುಕಿದರು. ಇಸಾಂಗ್ ಆ ಒಂದು ನಿಮಿಷದಲ್ಲಿ ಪೆಟ್ಟಿಗೆಯ ಹಿಂದೆ ಬಗ್ಗಿ ಸಡಿಲಾಗಿದ್ದ ಹಿಡಿಯ ತಿರುಪೊಂದನ್ನು ಬಿಗಿಮಾಡಿದಳು.

ಮೂರು ಗಂಟೆ ಬಾರಿಸಿದೆವು. ಪೆಟ್ಟಿಗೆ ತಡೆದುಕೊಂಡಿತು. ಊಟಕ್ಕೆ ಕೂತಾಗ ಅವಳ ತಟ್ಟೆಗೆ ಶಾವಿಗೆಯ ಪಾನ್ಸಿತ್ ಹಾಕಿ, ನಿಂಬೆ ಹಿಂಡಿಕೊಟ್ಟೆ.

"ಹೇಗಿದೆ?"

"ಹುಳಿ ಜಾಸ್ತಿ ಹಿಂಡಿದೀಯ," ಎಂದಳು. ಆದರೂ ತಿಂದಳು.

ವಾಪಸು ಬರುವಾಗ ಜೀಪಿನಲ್ಲಿ ನನ್ನ ಪಕ್ಕ ಕೂತು ನಿದ್ದೆ ಹೋದಳು. ಬಾಯಿ ತೆರೆದುಕೊಂಡು, ಹಳ್ಳದಲ್ಲಿ ಜೀಪು ಎಗರಿದಾಗಲೂ ಎಚ್ಚರವಾಗದಷ್ಟು ನಿದ್ದೆ. ಡ್ರಮ್ಮಿನವನು ಏನೋ ತಮಾಷೆ ಮಾಡಲು ಬಂದ. ಕಣ್ಣಲ್ಲೇ ಗದರಿಸಿದೆ. ದಾರಿಯ ಸುಬಿಕ್ ಊರು ತಲುಪುವಷ್ಟರಲ್ಲಿ ನನ್ನ ಭುಜ ಮರಗಟ್ಟಿಹೋಯಿತು.

ಆ ಪೆಟ್ಟಿಗೆ ಮುಂದೆ ಏಳು ವರ್ಷ ನಮ್ಮ ಜೊತೆ ದುಡಿಯಿತು. ಕಿರಿನೊ ಮಂಡಿನೋವಿನಿಂದ ಬಿಟ್ಟ ಮೇಲೆ ಬೆರ್ತಿಂಗ್ ಅದನ್ನು ಇಬಾ ಪಟ್ಟಣದ ಚರ್ಚಿಗೆ ಕೊಟ್ಟ. ಇಸಾಂಗ್ ಹಸಿರು ಬಾಗಿಲು ತೆರೆದೇ ಇಟ್ಟಿದ್ದಳು. ಆಂಪ್ಲಿಫಯರುಗಳು ಕಡಿಮೆಯಾದ ಮೇಲೆ ಅಕ್ಕಿ ಬೇಯಿಸುವ ಕುಕ್ಕರುಗಳನ್ನು, ಫ್ಯಾನುಗಳನ್ನು ರಿಪೇರಿ ಮಾಡಿದಳು. ಮತ್ತೆ ಮದುವೆಯಾಗಲಿಲ್ಲ. ಅಳುವುದನ್ನು ನಾನು ನೋಡಲಿಲ್ಲ, ನೋಡಿದೆ ಎಂದವರೂ ಯಾರೂ ಸಿಗಲಿಲ್ಲ. ಒಮ್ಮೆ, ಎಷ್ಟೋ ವರ್ಷಗಳ ಮೇಲೆ, ತಾಳಲಾರದೆ ಕೇಳಿಯೇಬಿಟ್ಟೆ: ಬೆರ್ತಿಂಗ್ ಅವತ್ತು ಹೇಳಿದ್ದನ್ನ ನೀನು ನಂಬಿದ್ಯಾ?

ಅವಳು ಫ್ಯಾನಿನ ರೆಕ್ಕೆ ತಿರುಗಿಸಿ ನೋಡುತ್ತಿದ್ದಳು.

"ನಂಬಿದೆ ಅಂತಲ್ಲ. ಬೈಯೋದಂತೂ ಬಾಕಿ ಇತ್ತು, ಬೈದೆ."

ಆಮೇಲೆ ಫ್ಯಾನಿನ ಪ್ಲಗ್ಗು ಹಾಕುವಂತೆ ನನಗೆ ಹೇಳಿದಳು. ಹಾಕಿದೆ. ಅದು ತಿರುಗಿತು.